ಉಳ್ಳಾಗಡ್ಡಿ ಚೀಲ, ದಿಲ್ಲಿ ಆದೇಶ, ಡಾಲರ್ ದರ



ನಮ್ಮ ಕರಜಗಿ ಭಾಗದ ಉಳ್ಳಾಗಡ್ಡಿ ಸೋಲಾಪುರದ ಮಾರ್ಕೆಟ್ ಯಾರ್ಡಿಗೆ ಹೋಗುತ್ತದೆ. ಅಲ್ಲಿ ಲಿಲಾವು ಆಗುತ್ತದೆ. ದರ ಕೂಗುವವನು ವ್ಯಾಪಾರಿ. ಆದರೆ ದರ ಅವನೊಬ್ಬನ ಕೈಯಲ್ಲಿ ಇರುವುದಿಲ್ಲ. ಹಾಗಾದರೆ ಯಾರ ಕೈಯಲ್ಲಿ ಇದೆ? ಇವತ್ತಿನ ಪಾಠ ಇದೇ ನೋಡ್ರಿ.

ನಮ್ಮ ದೇಶದ ಉಳ್ಳಾಗಡ್ಡಿಯನ್ನು ಬಾಂಗ್ಲಾದೇಶ, ಶ್ರೀಲಂಕಾ, ಮಲೇಶಿಯಾ, ದುಬೈ ಕಡೆಯವರು ಕೊಳ್ಳುತ್ತಾರೆ. ಹೀಗೆ ಹೊರದೇಶಕ್ಕೆ ಮಾಲು ಕಳಿಸುವುದಕ್ಕೆ ರಫ್ತು ಎನ್ನುತ್ತಾರೆ. ಮರಾಠಿಯಲ್ಲಿ ನಿರ್ಯಾತ. ಹೊರಗಿನಿಂದ ತರಿಸಿದರೆ ಅದು ಆಮದು. ರಫ್ತು ನಡೆದಾಗ ಕೊಳ್ಳುವವರು ಹೆಚ್ಚು. ರಫ್ತು ನಿಂತರೆ ಆ ಮಾಲೆಲ್ಲ ಇಲ್ಲೇ ಉಳಿಯುತ್ತದೆ, ದರ ಬೀಳುತ್ತದೆ.

ಸರಕಾರ ಯಾವುದಕ್ಕೆ ಎಷ್ಟು ತೆರಿಗೆ ಹಾಕಬೇಕು, ಎಲ್ಲಿ ಎಷ್ಟು ಖರ್ಚು ಮಾಡಬೇಕು ಎಂದು ಠರಾಯಿಸುತ್ತದೆ. ಇದಕ್ಕೆ ಹಣಕಾಸು ನೀತಿ ಎಂದು ಹೆಸರು. ಗಡಿ ದಾಟುವ ಮಾಲಿನ ಮೇಲೆ ಹಾಕುವ ತೆರಿಗೆಗೆ ಸುಂಕ ಎನ್ನುತ್ತಾರೆ.

2023 ರಲ್ಲಿ ಏನಾಯಿತು, ಓದಿರಿ.

ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರಕಾರ ಉಳ್ಳಾಗಡ್ಡಿ ರಫ್ತಿನ ಮೇಲೆ ನೂರಕ್ಕೆ 40 ರಂತೆ ಸುಂಕ ಹಾಕಿತು. ಅಕ್ಟೋಬರ್ ಕೊನೆಗೆ, ಒಂದು ಟನ್ನಿಗೆ 800 ಡಾಲರಿಗಿಂತ ಕಡಿಮೆ ದರಕ್ಕೆ ಹೊರಗೆ ಮಾರಬಾರದು ಎಂದಿತು. ಡಿಸೆಂಬರ್ 8 ಕ್ಕೆ ರಫ್ತನ್ನೇ ಬಂದ್ ಮಾಡಿತು. ದರ ಧಡಕ್ಕನೆ ಇಳಿಯಿತು. ನಾಸಿಕ ಜಿಲ್ಲೆಯ ರೈತರು ರಸ್ತೆ ತಡೆದರು.

ಡಿಸೆಂಬರ್ ಎಂದರೆ ನಮ್ಮ ಕೆಂಪು ಉಳ್ಳಾಗಡ್ಡಿ ಕಿತ್ತು ಚೀಲ ತುಂಬುವ ಹೊತ್ತು. ಬೇಸಿಗೆಯ ಉಳ್ಳಾಗಡ್ಡಿಯನ್ನು ಚಾಳಿನಲ್ಲಿ ಹಾಕಿ ನಾಲ್ಕಾರು ತಿಂಗಳು ಕಾಯಬಹುದು. ಕೆಂಪು ಉಳ್ಳಾಗಡ್ಡಿ ಹಾಗಲ್ಲ. ಬಹಳ ದಿನ ಇಟ್ಟರೆ ಕೊಳೆಯುತ್ತದೆ, ಇಲ್ಲವೆ ಮೊಳಕೆ ಒಡೆಯುತ್ತದೆ. ದರ ಬಿದ್ದರೂ ಮಾರಲೇಬೇಕು. ಒಂದೇ ಆದೇಶ. ಚಾಳಿನವರಿಗೆ ಬೇರೆ ಪೆಟ್ಟು, ನಮಗೆ ಬೇರೆ ಪೆಟ್ಟು.

ಶಹರದ ಬಡವರಿಗೂ ಉಳ್ಳಾಗಡ್ಡಿ ಎಟುಕಬೇಕು. ಅದಕ್ಕೇ ಹೀಗೆ ಮಾಡುತ್ತೇವೆ ಎಂದು ಸರಕಾರ ಹೇಳುತ್ತದೆ. ಆ ಮಾತು ಸುಳ್ಳಲ್ಲ. ಕೂಲಿ ಮಾಡುವವರು ನಾವೂ ಕೊಂಡು ತಿನ್ನುತ್ತೇವೆ. ಆದರೆ ಬೆಳೆ ಹೊಲದಲ್ಲಿ ನಿಂತಾಗ, ಮುಂಚೆ ತಿಳಿಸದೆ ಬಾಗಿಲು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಹೊರದೇಶದ ಗಿರಾಕಿಯೂ ಕಾಯುವುದಿಲ್ಲ. ಪಾಕಿಸ್ತಾನ, ಚೀನಾದ ಮಾಲು ಕೊಳ್ಳುತ್ತಾನೆ.

2024 ರ ಮೇ 4 ಕ್ಕೆ ರಫ್ತು ಮತ್ತೆ ತೆರೆಯಿತು. ಆದರೆ ಟನ್ನಿಗೆ ಕಡಿಮೆಯೆಂದರೆ 550 ಡಾಲರ್ ಎಂಬ ಕರಾರು, ಮೇಲೆ 40 ರ ಸುಂಕ. ಡಾಲರ್ ಅಂದರೆ ಅಮೆರಿಕದ ರೊಕ್ಕ. ದೇಶ ದೇಶಗಳ ನಡುವಿನ ವ್ಯಾಪಾರ ಬಹಳಷ್ಟು ಅದರಲ್ಲೇ ನಡೆಯುತ್ತದೆ. ಒಂದು ಡಾಲರಿಗೆ ಎಷ್ಟು ರೂಪಾಯಿ ಎಂಬುದಕ್ಕೆ ವಿನಿಮಯ ದರ ಎನ್ನುತ್ತಾರೆ. ಆ ಮೇ ತಿಂಗಳಲ್ಲಿ ಅದು ಸುಮಾರು 83 ರೂಪಾಯಿ ಇತ್ತು. ಈಗ ಲೆಕ್ಕ ನೋಡ್ರಿ:

550 ಡಾಲರ್ × 83 = 45,650 ರೂಪಾಯಿ
ನೂರಕ್ಕೆ 40 ರ ಸುಂಕ = 18,260 ರೂಪಾಯಿ
ಒಟ್ಟು = 63,910 ರೂಪಾಯಿ

ಒಂದು ಟನ್ ಅಂದರೆ 1000 ಕಿಲೋ. ಕಿಲೋಕ್ಕೆ ಸುಮಾರು 64 ರೂಪಾಯಿ ಆಯಿತು. ಹಡಗಿನ ಬಾಡಿಗೆ ಬೇರೆ. ಇಷ್ಟು ತುಟ್ಟಿಯಾದರೆ ಯಾರು ಕೊಳ್ಳಬೇಕು? ಆ ವರ್ಷ ಸೆಪ್ಟೆಂಬರಿನಲ್ಲಿ 550 ಡಾಲರಿನ ಕರಾರು ತೆಗೆದರು, ಸುಂಕ 20 ಕ್ಕೆ ಇಳಿಸಿದರು. 2025 ರ ಏಪ್ರಿಲ್ 1 ಕ್ಕೆ ಆ ಸುಂಕವನ್ನೂ ತೆಗೆದರು.

ಡಾಲರ್ ಏರಿದರೆ ರಫ್ತು ಮಾಡುವವರಿಗೆ ಲಾಭ. ಅದೇ 550 ಡಾಲರಿಗೆ, ದರ 80 ಇದ್ದರೆ 44,000 ರೂಪಾಯಿ ಬರುತ್ತದೆ. 83 ಇದ್ದರೆ 1,650 ರೂಪಾಯಿ ಹೆಚ್ಚು. ಹಾಗಂತ ಹಿಗ್ಗಬೇಡಿರಿ. ಪೊಟ್ಯಾಶ್ ಗೊಬ್ಬರ, ಡೀಸೆಲ್ ಮಾಡುವ ಕಚ್ಚಾ ಎಣ್ಣೆ, ಅಡಿಗೆಯ ಪಾಮೆಣ್ಣೆ, ಎಲ್ಲ ಹೊರಗಿನಿಂದ ಬರುತ್ತವೆ. ಡಾಲರ್ ಏರಿದರೆ ಅವೂ ತುಟ್ಟಿ.

ರಫ್ತು ತೆರೆದಿದ್ದರೆ ಸಾಕು ಅಂತಲೂ ಅಲ್ಲ. 2023 ರ ಫೆಬ್ರವರಿಯಲ್ಲಿ ರಫ್ತು ತೆರೆದೇ ಇತ್ತು. ಆಗ ನಮ್ಮ ಜಿಲ್ಲೆಯ ರೈತರೊಬ್ಬರು ಸೋಲಾಪುರದಲ್ಲಿ 512 ಕಿಲೋ ಮಾರಿದರು. ಕಿಲೋಕ್ಕೆ ಒಂದು ರೂಪಾಯಿ ದರ. ಬಾಡಿಗೆ, ಹಮಾಲಿ, ತೂಕದ ಖರ್ಚು 509 ರೂಪಾಯಿ 51 ಪೈಸೆ ಕಳೆದು ಉಳಿದದ್ದು 2 ರೂಪಾಯಿ 49 ಪೈಸೆ. ಕೈಗೆ ಬಂದದ್ದು 2 ರೂಪಾಯಿಯ ಚೆಕ್ಕು! ಮಾಲು ಹಗುರ ಎಂದು ವ್ಯಾಪಾರಿ ಹೇಳಿದ. ಆಗ ಯಾರ್ಡಿಗೆ ಮಾಲೂ ಬಹಳ ಬರುತ್ತಿತ್ತು.

ಬೀಜ, ಗೊಬ್ಬರ, ಕೂಲಿಗೆ ಹಾಕಿದ ರೊಕ್ಕ ತಿರುಗಿ ಬರುತ್ತದೋ ಇಲ್ಲವೋ ಎಂಬ ಭಯಕ್ಕೆ ಜೋಖಮು ಎನ್ನುತ್ತೇವೆ. ಹೋದ ವರ್ಷದ ದರ ನೋಡಿ, ಸಾಲ ತಂದು ಎಲ್ಲ ಹೊಲಕ್ಕೂ ಉಳ್ಳಾಗಡ್ಡಿ ಹಚ್ಚಿದರೆ ಜೋಖಮು ಬಹಳ. ಸ್ವಲ್ಪ ಭೂಮಿಗೆ ತೊಗರಿ, ಜೋಳ ಇರಲಿ. ಸಸಿ ಹಚ್ಚುವ ಮೊದಲು ರಫ್ತು ತೆರೆದಿದೆಯೇ, ಸುಂಕ ಎಷ್ಟು ಎಂದು ಪೇಪರಿನಲ್ಲಿ ಓದಿರಿ. ಯಾರ್ಡಿನಲ್ಲಿ ಕೊಡುವ ಪಟ್ಟಿಯನ್ನು ಅಲ್ಲೇ ನಿಂತು ಓದಿರಿ. ತೂಕ, ದರ, ಕಡಿತ ಮೂರನ್ನೂ ನೋಡಿರಿ.

ಲೆಕ್ಕ ಮಾಡಿ: ಒಂದು ಟನ್ನಿನ ದರ 550 ಡಾಲರ್, ಒಂದು ಡಾಲರಿಗೆ 85 ರೂಪಾಯಿ, ಸುಂಕ ನೂರಕ್ಕೆ 20. ಕಿಲೋಕ್ಕೆ ಎಷ್ಟು ಬೀಳುತ್ತದೆ?

ಮಾತಾಡಿ: ಮನೆಯಲ್ಲಿ ಹಳೆಯ ಪಟ್ಟಿ ಇದ್ದರೆ ನಾಳೆ ಕೇಂದ್ರಕ್ಕೆ ತನ್ನಿರಿ. ನೂರು ರೂಪಾಯಿ ಮಾಲಿಗೆ ಎಷ್ಟು ಖರ್ಚು ಕಡಿದಿದ್ದಾರೆ, ಎಲ್ಲರೂ ಕೂಡಿ ನೋಡೋಣ.