ಮರಿಗಿಂತ ಮೊದಲು ತಾಯಿನಾಯಿಯನ್ನು ನೋಡಬೇಕು

ಹೆಣ್ಣುನಾಯಿಯು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬಂದು, ಗಬ್ಬವಾದರೆ ಸುಮಾರು 63 ದಿನಗಳಲ್ಲಿ ಹಲವು ಮರಿಗಳನ್ನು ಈಯುತ್ತದೆ. ಈ ಸಹಜ ಫಲವಂತಿಕೆಯನ್ನೇ ಬಂಡವಾಳ ಮಾಡಿಕೊಂಡು, ಪ್ರತಿ ಬೆದೆಯಲ್ಲೂ ಅದನ್ನು ಕೂಡಿಸಿ, ಮರಿಗಳನ್ನು ಮಾರಿ, ಸೊರಗಿದ ತಾಯಿಯನ್ನು ಕೊನೆಗೆ ಬೀದಿಗೆ ಬಿಡುವ ದಂಧೆಯನ್ನು ಹೊಣೆಗೇಡಿ ತಳಿ ಸಂವರ್ಧನೆ ಎನ್ನಬಹುದು. ಇದರ ತಡೆಗೆ ಕೇಂದ್ರ ಸರ್ಕಾರವು 2017ರಲ್ಲಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿದ್ದರೂ, ಮುಚ್ಚಿದ ಬಾಗಿಲ ಹಿಂದಿನ ಗೂಡುಗಳನ್ನು ನೋಡುವ ಅವಕಾಶ ಹೆಚ್ಚಾಗಿ ಒದಗುವುದು ಮರಿ ಕೊಳ್ಳಲು ಹೋದವರಿಗೇ ಆದ್ದರಿಂದ, ಅವರು ಅನುಸರಿಸಬೇಕಾದ ಕ್ರಮ ಮುಖ್ಯವಾಗುತ್ತದೆ.

ಮೊದಲು ತಳಿಯ ಆಯ್ಕೆ. ಹಿಮನಾಡಿನ ಚಳಿಗೆಂದೇ ಎರಡು ಪದರದ ತುಪ್ಪಳ ಪಡೆದ ಸೈಬೀರಿಯನ್ ಹಸ್ಕಿಯನ್ನು ರಾಯಚೂರು, ಕಲಬುರಗಿಯಂತಹ ಊರುಗಳ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಸಾಕುವುದು ಆ ಪ್ರಾಣಿಗೆ ಶಿಕ್ಷೆಯೇ ಸರಿ. ಮೂತಿ ಮೊಟಕಾದ ಪಗ್ ನಾಯಿಗೆ ಉಸಿರಾಟವೇ ಪ್ರಯಾಸವಾಗಿರುವುದರಿಂದ, ತೇಕುವಿಕೆಯ ಮೂಲಕ ಮೈಯ ಬಿಸಿಯನ್ನು ಹೊರಹಾಕುವುದು ಅದಕ್ಕೆ ಕಷ್ಟ.

ಎರಡನೆಯದು ನೋಂದಣಿ ಪತ್ರ. ತಳಿ ಸಂವರ್ಧಕನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕೆಂಬುದು 2017ರ ನಿಯಮ. ಕೆನಲ್ ಕ್ಲಬ್‌ನ ವಂಶಾವಳಿ ಪತ್ರವನ್ನೇ ಪರವಾನಗಿಯೆಂದು ತೋರಿಸಿದರೆ ಒಪ್ಪಲಾಗದು. ಅದು ಮರಿಯ ಪೀಳಿಗೆಯನ್ನು ಹೇಳುತ್ತದೆಯೇ ಹೊರತು ಸಾಕಿದ ಸ್ಥಳದ ಸ್ಥಿತಿಯನ್ನಲ್ಲ.

ಮೂರನೆಯ ಹೆಜ್ಜೆಯೇ ಎಲ್ಲಕ್ಕಿಂತ ನಿರ್ಣಾಯಕ: ಮರಿಯು ಹುಟ್ಟಿದ ಜಾಗಕ್ಕೇ ಹೋಗಿ ತಾಯಿಯನ್ನು ಕಾಣಬೇಕು. ನಿಯಮದ ಪ್ರಕಾರ 18 ತಿಂಗಳು ತುಂಬದ ಅಥವಾ ಎಂಟು ವರ್ಷ ಮೀರಿದ ಹೆಣ್ಣುನಾಯಿಯನ್ನು ಕೂಡಿಸುವಂತಿಲ್ಲ. ಹನ್ನೆರಡು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಆಗುವಂತಿಲ್ಲ. ಹಾಲೂಡಿಸುವ ತಾಯಿ ತುಸು ಬಡಕಲಾಗುವುದು ಸಹಜವಾದರೂ, ಎಲುಬು ಎದ್ದು ಕಾಣುವ ಮೈ, ಉದುರಿದ ಕೂದಲು, ತಂತಿಬಲೆಯ ನೆಲದ ಮೇಲೆ ನಿಂತು ನಿಂತು ಹುಣ್ಣಾದ ಪಾದ, ಮನುಷ್ಯರನ್ನು ಕಂಡೊಡನೆ ಮೂಲೆ ಸೇರುವ ಅಂಜಿಕೆ ಇವೆಲ್ಲವೂ ಕಾಗದಪತ್ರಗಳು ಮುಚ್ಚಿಟ್ಟದ್ದನ್ನು ಹೇಳುತ್ತವೆ. ತಾಯಿ ಬೇರೆ ಊರಿನಲ್ಲಿದೆ ಎಂದೋ, ಮರಿಯನ್ನು ಬಸ್ ನಿಲ್ದಾಣಕ್ಕೇ ತಂದುಕೊಡುತ್ತೇವೆ ಎಂದೋ ಹೇಳುವವರಲ್ಲಿ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸುವುದು ಲೇಸು. ಮರಿಯನ್ನು ಕಂಡು ಕನಿಕರದಿಂದ ಹಣ ತೆತ್ತರೆ ಒಂದು ಮರಿ ಪಾರಾದೀತು, ಆದರೆ ಅದೇ ಹಣ ಆ ತಾಯಿಯ ಮುಂದಿನ ಸೂಲಿಗೆ ಮುಂಗಡವಾಗುತ್ತದೆ ಎಂಬ ಕಟುಸತ್ಯವನ್ನು ಮರೆಯಲಾಗದು.

ಎಂಟು ವಾರ ತುಂಬದ ಮರಿಯನ್ನು ಮಾರುವುದು ನಿಷಿದ್ಧ. ಒಡಹುಟ್ಟುಗಳ ಜೊತೆ ಆಡುತ್ತಲೇ ಮರಿಯು ಕಚ್ಚುವ ಬಿರುಸಿಗೆ ಮಿತಿ ಹಾಕಿಕೊಳ್ಳಲು ಕಲಿಯುವುದರಿಂದ ಈ ಅವಧಿಗೆ ಬೆಲೆಯಿದೆ. ಲಸಿಕೆಯ ದಾಖಲೆ, ರಸೀದಿ ಮತ್ತು ಮೈಕ್ರೋಚಿಪ್, ಅಂದರೆ ಚರ್ಮದಡಿ ಸೇರಿಸುವ ಅಕ್ಕಿಕಾಳಿನಷ್ಟು ಗಾತ್ರದ ಗುರುತುಬಿಲ್ಲೆ, ಇವುಗಳನ್ನು ಕೇಳಿ ಪಡೆಯಬೇಕು.

ಮರಿ ಮನೆಗೆ ಬಂದ ಬಳಿಕ ಸಂತಾನಹರಣ ಶಸ್ತ್ರಚಿಕಿತ್ಸೆಯ ವಯಸ್ಸನ್ನು, ಅದು ತಳಿ ಮತ್ತು ಗಾತ್ರಕ್ಕೆ ತಕ್ಕಂತೆ ಬದಲಾಗುವುದರಿಂದ, ಪಶುವೈದ್ಯರೊಡನೆ ನಿರ್ಧರಿಸಬೇಕು. ಒಮ್ಮೆಯಾದರೂ ಈಯದಿದ್ದರೆ ಹೆಣ್ಣುನಾಯಿಯ ಆರೋಗ್ಯ ಕೆಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಶಸ್ತ್ರಚಿಕಿತ್ಸೆಯು ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಸಾಕಲಾಗದ ಸಂದರ್ಭ ಒದಗಿದರೆ ನಾಯಿಯನ್ನು ದೂರದ ಬಡಾವಣೆಯಲ್ಲಿ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಬಾರಿಯ ದಂಡ ಕೇವಲ 50 ರೂಪಾಯಿ ಮೀರದಿರುವುದು ಆ ಕಾಯ್ದೆಯ ದೊಡ್ಡ ಕೊರತೆ. ಆಹಾರ ಹುಡುಕಲು ಅರಿಯದ ಮನೆನಾಯಿಯನ್ನು ಆ ಬೀದಿಯ ನಾಯಿಗಳು ತಮ್ಮ ಎಲ್ಲೆಯೊಳಗೆ ಬಿಟ್ಟುಕೊಳ್ಳುವುದು ಅಪರೂಪವಾದ ಕಾರಣ, ಮಾರಿದವರಿಗೆ ಮರಳಿಸುವ ಷರತ್ತನ್ನು ಕೊಳ್ಳುವಾಗಲೇ ಬರವಣಿಗೆಯಲ್ಲಿ ಪಡೆದಿರಬೇಕು. ಅದಾಗದಿದ್ದಲ್ಲಿ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಗಳನ್ನು ಮುಗಿಸಿ, ಆರೋಗ್ಯದ ದಾಖಲೆಯೊಂದಿಗೆ, ಮನೆಯನ್ನು ಕಣ್ಣಾರೆ ಕಂಡ ಪರಿಚಿತರಿಗೇ ಅದನ್ನು ಒಪ್ಪಿಸಬೇಕು.