ಗಣಕಯಂತ್ರದ ಕೆಲಸದ ದಾಖಲೆ ಎಷ್ಟು ಕಾಲ ಇರಬೇಕು?

ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಗಣಕಯಂತ್ರಗಳಲ್ಲಿ ಹಲವು ಕೆಲಸಗಳು ನಿಗದಿತ ವೇಳೆಗೆ ತಾವಾಗಿಯೇ ನಡೆಯುತ್ತವೆ. ಮಾಹಿತಿಯ ಇನ್ನೊಂದು ಪ್ರತಿಯನ್ನು ರಾತ್ರಿ ತೆಗೆದಿಡುವ ಬ್ಯಾಕಪ್ ಇವುಗಳಲ್ಲಿ ಮುಖ್ಯವಾದುದು. ಕೆಲಸ ನೆರವೇರಿತೇ, ವಿಫಲವಾಯಿತೇ ಎಂಬುದು ಪ್ರತಿ ಬಾರಿಯೂ ದಾಖಲಾಗುತ್ತದೆ. ಮಿತಿಯಿಲ್ಲದಿದ್ದರೆ ಈ ದಾಖಲೆಗಳೇ ಬೆಳೆದು ಜಾಗವನ್ನು ನುಂಗುತ್ತವೆ.

ಮಿತಿ ತೀರ ಕಿರಿದಾದರೂ ಅಪಾಯವೇ. ಮೈಕ್ರೋಸಾಫ್ಟ್ ಸಂಸ್ಥೆಯ ಎಸ್.ಕ್ಯೂ.ಎಲ್. ಸರ್ವರ್ ಏಜೆಂಟ್ ವ್ಯವಸ್ಥೆಯು, ಮೊದಲೇ ಇರುವ ಮಿತಿಯನ್ನು ಬದಲಿಸದಿದ್ದಲ್ಲಿ, ದಾಖಲೆಯ ಒಟ್ಟು 1000 ಸಾಲುಗಳನ್ನು, ಒಂದು ಕೆಲಸಕ್ಕೆ 100 ಸಾಲುಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಂದೇ ಹಂತದ ಕೆಲಸವೂ ಪ್ರತಿ ಬಾರಿ ಎರಡು ಸಾಲು ಬರೆಯುತ್ತದೆ: ಹಂತಕ್ಕೊಂದು, ಅಂತಿಮ ಫಲಿತಾಂಶಕ್ಕೊಂದು. ನಿಮಿಷಕ್ಕೊಮ್ಮೆ ನಡೆಯುವ ಕೆಲಸದ ಚರಿತ್ರೆ 50 ನಿಮಿಷಕ್ಕೇ ಮುಗಿಯಿತು! ಇಂತಹ ಹತ್ತು ಕೆಲಸಗಳಿದ್ದರೆ 1000 ಸಾಲುಗಳೂ ತುಂಬಿ, ರಾತ್ರಿಯ ಬ್ಯಾಕಪ್ ವಿಫಲವಾದ ಸುದ್ದಿಯು ಹಳೆಯ ಸಾಲೆಂದು ಬೆಳಗಾಗುವುದರೊಳಗೆ ಅಳಿಸಿಹೋಗಬಹುದು.

ಆದುದರಿಂದ ಸಾಲುಗಳ ಎಣಿಕೆಗಿಂತ ದಿನಗಳ ಲೆಕ್ಕವೇ ಮೇಲು. ತಿಂಗಳಿಗೊಮ್ಮೆ ನಡೆಯುವ ಕೆಲಸವಿದ್ದರೆ, ಹಿಂದಿನ ಸಲದೊಡನೆ ಹೋಲಿಸಿ ನೋಡಲು ಎರಡು ತಿಂಗಳ ದಾಖಲೆಯಾದರೂ ಇರಬೇಕು. ಗೊತ್ತುಪಡಿಸಿದ ದಿನಾಂಕಕ್ಕಿಂತ ಹಳೆಯದನ್ನು ತೆಗೆದುಹಾಕುವ ಆಜ್ಞೆ ಈ ವ್ಯವಸ್ಥೆಯಲ್ಲಿಯೇ ಇದೆ. ಅದನ್ನು ವಾರಕ್ಕೊಮ್ಮೆ ನಡೆಯುವಂತೆ ಗೊತ್ತುಮಾಡಬಹುದು. ಸಾಲುಗಳ ಮಿತಿಯನ್ನು ಮಾತ್ರ ಅದಕ್ಕೆ ಮುನ್ನವೇ ಹೆಚ್ಚಿಸಿರಬೇಕು.