ಹಳೇ ಅಂಬಾಸಿಡರ್‌ಗೆ ಗೇರ್ ಆಯಿಲ್, ಕ್ರೌನ್ ಆಯಿಲ್

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಹಳ್ಳಿಗಳಲ್ಲಿ ಓಡಾಡಿದರೆ ಅಲ್ಲಲ್ಲಿ ಹಿತ್ತಲಲ್ಲೋ ಹುಲ್ಲಿನ ಮೆದೆ ಪಕ್ಕದಲ್ಲೋ ಟಾರ್ಪಾಲು ಹೊದ್ದ ಒಂದು ಅಂಬಾಸಿಡರ್ ಕಾಣುತ್ತೆ. ಒಂದು ಕಾಲಕ್ಕೆ ಮದುವೆ ದಿಬ್ಬಣಕ್ಕೂ ಅದೇ, ರಾತ್ರೋರಾತ್ರಿ ಹೆರಿಗೆಗೆ ಮೈಸೂರಿಗೆ ಹೋಗೋಕೂ ಅದೇ. ನಮ್ಮ ಸಂಘದಲ್ಲೂ ತಾತನ ಕಾರನ್ನ ಮತ್ತೆ ರಸ್ತೆಗೆ ತರಬೇಕು ಅಂತ ಹೊರಟವರು ಇದ್ದೀವಿ. ಹಾಗೆ ಹೊರಟವರು ಮೊದಲು ನೋಡೋದು ಬ್ಯಾಟರಿ, ಟೈರು, ಎಂಜಿನ್ ಆಯಿಲ್. ಗೇರ್‌ಬಾಕ್ಸು ಮತ್ತು ಡಿಫರೆನ್ಷಿಯಲ್ ಮಾತ್ರ ಯಾರಿಗೂ ನೆನಪಾಗಲ್ಲ, ಯಾಕಂದ್ರೆ ಅವು ಕೆಳಗಿವೆ, ಕಣ್ಣಿಗೆ ಬೀಳಲ್ಲ, ಕೆಡೋವರೆಗೂ ಸದ್ದೂ ಮಾಡಲ್ಲ. ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಈಗ ಕ್ರೌನ್-ಪಿನಿಯನ್ ಜೋಡಿ ಸವೆದುಹೋದರೆ ಗುಜರಿ ಅಂಗಡಿ ಸುತ್ತಬೇಕು. ಕೆಲವು ನೂರು ರೂಪಾಯಿಯ ಎಣ್ಣೆ ಉಳಿಸೋಕೆ ಹೋಗಿ ಕಾರನ್ನೇ ಮೂಲೆಗೆ ಹಾಕೋ ಪರಿಸ್ಥಿತಿ ಬರಬಾರದು.

ಡಿಫರೆನ್ಷಿಯಲ್ ಯಾಕೆ ಬೇಕು ಅನ್ನೋದು ಎರಡು ಸಾಲಿನ ಲೆಕ್ಕ. ಹಿಂದಿನ ಎರಡು ಚಕ್ರಗಳ ನಡುವೆ 1.2 ಮೀಟರ್ ಅಂತರ ಇದೆ ಅಂತ ಇಟ್ಟುಕೊಳ್ಳಿ. ಕಾರು ಒಂದು ಪೂರ್ತಿ ಸುತ್ತು ತಿರುಗಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ 2 × π × 1.2, ಅಂದರೆ ಸುಮಾರು 7.5 ಮೀಟರ್ ಹೆಚ್ಚು ದೂರ ಹೋಗಬೇಕು. ತಿರುವು ಚಿಕ್ಕದಾದರೂ ದೊಡ್ಡದಾದರೂ ಈ ವ್ಯತ್ಯಾಸ ಅಷ್ಟೇ (ಬೇಕಾದರೆ ಬರೆದು ನೋಡಿ, ತ್ರಿಜ್ಯ ಕಳೆದುಹೋಗುತ್ತೆ). ಎರಡೂ ಚಕ್ರ ಒಂದೇ ಸರಳಿಗೆ ಬಿಗಿದಿದ್ದರೆ ಆ 7.5 ಮೀಟರನ್ನ ಟೈರೇ ಉಜ್ಜಿಕೊಂಡು ತೀರಿಸಬೇಕಿತ್ತು.

ಎಣ್ಣೆಯ ಕಥೆ ಶುರುವಾಗೋದು ಕ್ರೌನ್ ಮತ್ತು ಪಿನಿಯನ್ ಹಲ್ಲುಗಳಲ್ಲಿ. ಅಂಬಾಸಿಡರಿನ ಹಿಂದಿನ ಆಕ್ಸಲ್‌ನಲ್ಲಿರೋದು ಹೈಪಾಯ್ಡ್ ಗೇರು. ಇದರಲ್ಲಿ ಪಿನಿಯನ್ನಿನ ಅಕ್ಷ ಕ್ರೌನ್ ಚಕ್ರದ ಮಧ್ಯಕ್ಕೆ ಬರಲ್ಲ, ಸ್ವಲ್ಪ ಕೆಳಗೆ ಜರುಗಿರುತ್ತೆ. 1926ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ಬಂದ ಈ ಉಪಾಯದಿಂದ ಪ್ರೊಪೆಲ್ಲರ್ ಶಾಫ್ಟ್ ಕೆಳಗಿಳೀತು, ಕಾರಿನ ನೆಲವೂ ತಗ್ಗಿತು. ಆದರೆ ಇದಕ್ಕೆ ಬೆಲೆ ತೆರಬೇಕಾಯ್ತು: ಹಲ್ಲುಗಳು ಒಂದರ ಮೇಲೊಂದು ಉರುಳೋದರ ಜೊತೆಗೆ ಉದ್ದುದ್ದಕ್ಕೆ ಜಾರುತ್ತವೆ. ಮೇಲುಕೋಟೆ ಬೆಟ್ಟ ಹತ್ತುವಾಗ ಆರು ಜನ ಕೂತಿದ್ದರಂತೂ ಆ ಒತ್ತಡಕ್ಕೆ ಸಾಮಾನ್ಯ ಎಣ್ಣೆಯ ಪದರ ಹರಿದುಹೋಗುತ್ತೆ. ಅದಕ್ಕೇ ಇಪಿ ಆಯಿಲ್. ಅದರಲ್ಲಿರೋ ಗಂಧಕ ಮತ್ತು ರಂಜಕದ ಸಂಯುಕ್ತಗಳು ಬಿಸಿಯಾದ ಜಾಗದಲ್ಲಿ ಉಕ್ಕಿನ ಜೊತೆ ಸೇರಿ ತೆಳುವಾದ ಒಂದು ಪೊರೆ ಕಟ್ಟುತ್ತವೆ. ಲೋಹಕ್ಕೆ ಲೋಹ ಅಂಟದ ಹಾಗೆ ಆ ಪೊರೆ ತಾನೇ ಸವೆಯುತ್ತೆ. ಗೇರ್ ಆಯಿಲ್ ಡಬ್ಬಿ ತೆಗೆದ ಕೂಡಲೇ ಮೂಗಿಗೆ ಹೊಡೆಯೋ ವಾಸನೆ ಈ ಗಂಧಕದ್ದು.

ಹಾಗಾದರೆ ಜಾಸ್ತಿ ಗಂಧಕ ಇರೋದೇ ಒಳ್ಳೇದಲ್ವಾ? ಹಿಂದಿನ ಆಕ್ಸಲ್‌ಗೆ ಹೌದು, ಗೇರ್‌ಬಾಕ್ಸಿಗೆ ಅಲ್ಲ. ಗೇರ್‌ಬಾಕ್ಸಿನೊಳಗಿನ ಸಿಂಕ್ರೊ ರಿಂಗುಗಳು ಹಿತ್ತಾಳೆ ಜಾತಿಯ ಲೋಹದವು. ನಾಗಮಂಗಲದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ: ಅಲ್ಲಿನ ಹಿತ್ತಾಳೆ ವಿಗ್ರಹಾನೋ ದೀಪಾನೋ ಸುಮ್ನೆ ಇಟ್ಟರೆ ಕಪ್ಪಾಗುತ್ತೆ, ಹುಣಸೇಹಣ್ಣು ಹಾಕಿ ಉಜ್ಜಿದರೆ ಹೊಳೆಯುತ್ತೆ, ಪ್ರತಿ ಸಲ ಉಜ್ಜಿದಾಗಲೂ ಚೂರು ಲೋಹ ಹೋಗುತ್ತೆ. ಚುರುಕಾದ ಗಂಧಕ ಇರೋ ಎಣ್ಣೆಯಲ್ಲಿ ಸಿಂಕ್ರೊ ರಿಂಗಿಗೆ ಆಗೋದೂ ಇದೇ. ಕಪ್ಪು ಪೊರೆ ಕಟ್ಟುತ್ತೆ, ಗೇರ್ ಹಾಕಿದಾಗಲೆಲ್ಲ ಉಜ್ಜಿಹೋಗುತ್ತೆ, ಮತ್ತೆ ಕಟ್ಟುತ್ತೆ.

ಡಬ್ಬಿ ಮೇಲೆ ಜಿಎಲ್-4, ಜಿಎಲ್-5 ಅಂತ ಇರುತ್ತಲ್ಲ, ಅದು ಈ ರಾಸಾಯನಿಕದ ತೂಕ. ಜಿಎಲ್-5ರಲ್ಲಿ ಜಿಎಲ್-4ರ ಸರಿಸುಮಾರು ಎರಡರಷ್ಟು ಇಪಿ ಅಂಶ ಇರುತ್ತೆ. ಈಗಿನ ಕೆಲವು ಜಿಎಲ್-5 ಎಣ್ಣೆಗಳು ಹಿತ್ತಾಳೆಗೆ ತೊಂದರೆ ಕೊಡದ ಹಾಗೆ ತಯಾರಾಗುತ್ತವೆ, ನಿಜ. ಆದರೂ ಬಿಡಿಭಾಗ ಸಿಗದ ಗೇರ್‌ಬಾಕ್ಸಿನ ಮೇಲೆ ಪ್ರಯೋಗ ಯಾಕೆ? ‘ಐದು ನಾಲ್ಕಕ್ಕಿಂತ ದೊಡ್ಡದು, ಹಾಕ್ಸಿ ಸಾರ್’ ಅನ್ನೋ ಅಂಗಡಿಯವರ ಮಾತನ್ನ ನಾವಂತೂ ಒಪ್ಪಲ್ಲ. ಎಲ್ಲಕ್ಕಿಂತ ಮೊದಲು ನಿಮ್ಮ ಮಾದರಿಯ ಮ್ಯಾನುಯಲ್ ನೋಡಿ. ಅಂಬಾಸಿಡರಿನ ಬಿಎಂಸಿ ಬಳಗಕ್ಕೇ ಸೇರಿದ ಎಂಜಿಬಿ ಕಾರಿನ ಗೇರ್‌ಬಾಕ್ಸಿಗೆ ಎಂಜಿನ್ ಆಯಿಲ್ಲೇ ಹಾಕ್ತಿದ್ದರು. ಹಳೇ ಕಾರುಗಳ ವಿಷಯದಲ್ಲಿ ಅಂದಾಜು ನಡೆಯಲ್ಲ.

ಇನ್ನು 90 ಅನ್ನೋ ಸಂಖ್ಯೆ. ಎಂಜಿನ್ ಆಯಿಲ್ 40, ಗೇರ್ ಆಯಿಲ್ 90, ಅಂದರೆ ಎರಡು ಪಟ್ಟು ಗಟ್ಟಿ ಅಂದುಕೊಂಡವರು ಲ್ಯಾಬಿನಲ್ಲೂ ಇದ್ದಾರೆ. ಅಳತೆಪಟ್ಟಿಗಳೇ ಬೇರೆ ಬೇರೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಸ್‌ಎಇ 40 ಎಂಜಿನ್ ಆಯಿಲ್ಲಿನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ಸ್, ಎಸ್‌ಎಇ 90 ಗೇರ್ ಆಯಿಲ್ಲಿನದು ಈಗಿನ ಪಟ್ಟಿಯ ಪ್ರಕಾರ 13.5ರಿಂದ 18.5. ಹೆಚ್ಚುಕಮ್ಮಿ ಒಂದೇ.

ಸರಿ, ಕೆಲಸಕ್ಕೆ ಇಳಿಯೋಣ. ಮೊದಲು ಕಾರನ್ನ ಎಂಟು ಹತ್ತು ಕಿಲೋಮೀಟರ್ ಓಡಿಸಿಕೊಂಡು ಬನ್ನಿ. ಪಾಂಡವಪುರದ ಆಲೆಮನೆ ನೋಡಿದವರಿಗೆ ಕಾರಣ ಹೇಳಬೇಕಿಲ್ಲ: ಕೊಪ್ಪರಿಗೆಯಲ್ಲಿ ಬಿಸಿ ಇರೋವಾಗ ಪಾಕ ಸರಾಗವಾಗಿ ಹರಿಯುತ್ತೆ, ಆರಿದರೆ ಜಗ್ಗಿದರೂ ಬರಲ್ಲ. ಬಿಸಿ ಎಣ್ಣೆ ತಳದ ಕೆಸರನ್ನೂ ಎತ್ತಿಕೊಂಡು ಬರುತ್ತೆ. ಕಾರನ್ನ ಸರ್ವಿಸ್ ಸ್ಟೇಷನ್ನಿನ ಪಿಟ್ ಮೇಲೆ ಸಮತಟ್ಟಾಗಿ ನಿಲ್ಲಿಸೋದು ಉತ್ತಮ. ಬರೀ ಹಿಂಭಾಗ ಎತ್ತಿದರೆ ಎಣ್ಣೆಯ ಮಟ್ಟ ತಪ್ಪು ತೋರಿಸುತ್ತೆ. ಎತ್ತಲೇಬೇಕಾದರೆ ನಾಲ್ಕೂ ಕಡೆ ಸ್ಟ್ಯಾಂಡ್ ಕೊಡಿ. ಜಾಕಿ ಒಂದನ್ನೇ ನಂಬಿ, ಇಲ್ಲಾ ಇಟ್ಟಿಗೆ ಪೇರಿಸಿ ಕಾರಿನ ಕೆಳಗೆ ನುಗ್ಗೋದು ಬೇಡವೇ ಬೇಡ.

ಈಗ ಅತಿ ಮುಖ್ಯವಾದ ಮಾತು: ಕೆಳಗಿನ ಡ್ರೇನ್ ಪ್ಲಗ್ ಮುಟ್ಟೋ ಮೊದಲು ಎಣ್ಣೆ ತುಂಬೋ ಪ್ಲಗ್ ಬಿಚ್ಚಿ. ಇಪ್ಪತ್ತು ವರ್ಷದಿಂದ ತೆಗೆಯದ ಪ್ಲಗ್ ತುಕ್ಕು ಹಿಡಿದು ಕೂತಿರಬಹುದು. ಇರೋ ಎಣ್ಣೆ ಚೆಲ್ಲಿದ ಮೇಲೆ ಇದು ಬಿಚ್ಚಲ್ಲ ಅಂತ ಗೊತ್ತಾದರೆ ಕಾರು ಅಲ್ಲೇ ಕೂರುತ್ತೆ. ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಹಾಕಿಡಿ, ಅಳತೆಗೆ ಸರಿಯಾದ ಕೀ ಬಳಸಿ, ಇಕ್ಕಳ ಹಾಕಿ ಮೂಲೆ ಸವೆಸಬೇಡಿ. ಬಸಿಯೋಕೆ ಅರ್ಧ ಗಂಟೆ ಬಿಡಿ. ಸೀಮೆಎಣ್ಣೆ ಹಾಕಿ ತೊಳೆಯೋ ರೂಢಿ ಕೆಲವು ಕಡೆ ಇದೆ. ಮೂಲೆಯಲ್ಲಿ ಉಳಿದದ್ದು ಹೊಸ ಎಣ್ಣೆಯನ್ನೇ ತೆಳುವಾಗಿಸುತ್ತೆ, ಬೇಡ.

ಬಸಿದ ಎಣ್ಣೆಯನ್ನ ಬಿಸಿಲಿಗೆ ಹಿಡಿದು ನೋಡಿ. ಬೆರಳಿಗೆ ಬೂದುಬಣ್ಣದ ನುಣ್ಣನೆ ಪುಡಿ ಅಂಟಿದರೆ ಅದು ಸಹಜ ಸವೆತ. ಉಗುರಿಗೆ ತಾಗೋ ಉಕ್ಕಿನ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಹೋಗುತ್ತಿದೆ, ಮೆಕ್ಯಾನಿಕ್ಕಿಗೆ ತೋರಿಸದೆ ಮುಂದೆ ಹೋಗಬೇಡಿ. ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಚಿನ್ನದ ಹಾಗೆ ಮಿನುಗಿದರೆ ಸಿಂಕ್ರೊ ಸವೆದಿದೆ. ಹಾಲು ಹಾಕಿದ ಕಾಫಿ ಹಾಗಿದ್ದರೆ ನೀರು ಸೇರಿದೆ. ನಾಲೆಗಿಳಿಸಿ ಗಾಡಿ ತೊಳೆಯೋ ನಮ್ಮ ಕಡೆ ಇದು ಆಶ್ಚರ್ಯವೇನಲ್ಲ: ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ ಮೂಲಕ ನೀರನ್ನ ಎಳೆದುಕೊಳ್ಳುತ್ತೆ. ವರ್ಷಗಟ್ಟಲೆ ನಿಂತ ಕಾರಿನಲ್ಲೂ ತೇವ ಸೇರುತ್ತೆ, ಹಾಗಾಗಿ ‘ಓಡಿಸೇ ಇಲ್ಲ, ಎಣ್ಣೆ ಹೊಸದೇ’ ಅನ್ನೋ ವಾದ ನಿಲ್ಲಲ್ಲ.

ಬ್ರೀದರನ್ನ ಬಿಚ್ಚಿ ಮಣ್ಣು ತೆಗೆಯಿರಿ. ಅದು ಕಟ್ಟಿಕೊಂಡಿದ್ದರೆ ಬಿಸಿ ಗಾಳಿ ಸೀಲ್ ದಾಟಿಸಿ ಎಣ್ಣೆಯನ್ನ ಹಿಂಚಕ್ರದ ಬ್ರೇಕ್ ಡ್ರಮ್ಮಿಗೆ ತಳ್ಳುತ್ತೆ, ಆಗ ಬ್ರೇಕ್ ಹಿಡಿಯಲ್ಲ. ವಿಪರೀತ ತುಂಬಿಸಿದರೂ ಇದೇ ಗತಿ. ಕಡಿಮೆಯಾದರೆ ಕ್ರೌನ್ ಚಿಮ್ಮಿಸೋ ಎಣ್ಣೆ ಪಿನಿಯನ್ನಿನ ಮುಂದಿನ ಬೇರಿಂಗಿಗೆ ತಲುಪಲ್ಲ. ಆದ್ದರಿಂದ ಆಕ್ಸಲ್‌ನಲ್ಲಿ ತುಂಬೋ ತೂತಿನ ಅಂಚಿಗೆ ಬಂದು, ತೊಟ್ಟಿಕ್ಕಿ, ನಿಲ್ಲೋವರೆಗೆ ಮಾತ್ರ. ಪೈಪು ಸಿಕ್ಕಿಸಿದ ಕೈ ಪಂಪು ಇದ್ದರೆ ಕೆಲಸ ಸುಲಭ. ಪ್ಲಗ್ಗಿಗೆ ವಾಷರ್ ಇದ್ದರೆ ಹೊಸದು ಹಾಕಿ ಬಿಗಿಯಿರಿ, ನಾಲ್ಕೈದು ಕಿಲೋಮೀಟರ್ ಓಡಿಸಿ, ಆರಿದ ಮೇಲೆ ಮಟ್ಟ ಮತ್ತೆ ನೋಡಿ. ಹಳೇ ಅಂಬಾಸಿಡರಿನ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರಿಗೆ ಸಿಂಕ್ರೊ ಇಲ್ಲ; ಕಾರು ಪೂರ್ತಿ ನಿಲ್ಲದೆ ಅದಕ್ಕೆ ಹಾಕಿ ಕರಕರ ಅಂದರೆ ಎಣ್ಣೆಯನ್ನ ಬೈಯಬೇಡಿ.

ತೆಗೆದ ಎಣ್ಣೆಯನ್ನ ಬೇಲಿಗೂ ಮೋರಿಗೂ ಸುರಿಯೋ ಹಾಗಿಲ್ಲ. ನಮ್ಮಲ್ಲಿ ಮೋರಿ ನಾಲೆಗೆ ಸೇರುತ್ತೆ, ನಾಲೆ ಗದ್ದೆಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಹೊಸ ಎಣ್ಣೆಯ ಖಾಲಿ ಡಬ್ಬಿಗೇ ತುಂಬಿ, ಮುಚ್ಚಳ ಬಿಗಿದು, ಹಳೇ ಎಣ್ಣೆ ಸಂಗ್ರಹಿಸೋ ಸರ್ವಿಸ್ ಸ್ಟೇಷನ್ನಿಗೆ ಕೊಟ್ಟುಬಿಡಿ. ಡಬ್ಬಿ ಮೇಲೆ ದಿನಾಂಕ ಮತ್ತು ಮೀಟರ್ ರೀಡಿಂಗ್ ಬರೆಯೋದಕ್ಕಿಂತ ಬಾನೆಟ್ಟಿನ ಒಳಗೆ ಒಂದು ಚೀಟಿ ಅಂಟಿಸೋದು ಒಳ್ಳೇದು. ಎಣ್ಣೆ 90, ಜಿಎಲ್ ಎಷ್ಟು, ಯಾವ ತಿಂಗಳು ಅಂತ ಅದರಲ್ಲಿದ್ದರೆ ಮುಂದಿನ ಸಲ ಕೆಳಗೆ ಮಲಗೋರಿಗೆ ಸಾಕು.